ಆನ್‌ಲೈನ್ ಪರೀಕ್ಷೆಗೆ ಕ್ಯಾಮೆರಾ ಕಾವಲು: ಕೊಳ್ಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಆನ್‌ಲೈನ್ ಪರೀಕ್ಷೆಗೆ ಯಾವ ಪ್ರಾಕ್ಟರಿಂಗ್ ವ್ಯವಸ್ಥೆ ತಗೊಳ್ಳಬೇಕು ಅಂತ ನೋಡಲು ಮಾಡಿದ ಸಣ್ಣ ತಂಡವೊಂದರಲ್ಲಿ ನಾನೂ ಇದ್ದೆ. ಆಮೇಲಿಂದ ಚಿತ್ರದುರ್ಗ, ಹೊಸದುರ್ಗ, ಜಗಳೂರು, ಹೊನ್ನಾಳಿ ಕಡೆಯ ಮೇಷ್ಟ್ರುಗಳು, ಮೇಡಂಗಳು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಮಕ್ಕಳೂ ಕೇಳುತ್ತಾರೆ. ಎಲ್ಲ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಜನ ಕಾಪಿ ಹೊಡೆಯುವವರನ್ನು ಹಿಡಿಯುತ್ತೆ ಅನ್ನೋ ಲೆಕ್ಕದ ಮೇಲೆ ಇಂಥ ವ್ಯವಸ್ಥೆ ಆರಿಸಬೇಡಿ. ಚೆನ್ನಾಗಿ ಓದಿಕೊಂಡು, ಕಷ್ಟದ ಮನೆಯಲ್ಲಿ, ಹಳೇ ಫೋನ್ ಮುಂದೆ ಕೂತ ಹುಡುಗಿಗೆ ಅದು ಏನು ಮಾಡುತ್ತೆ ಅಂತ ನೋಡಿ ಆರಿಸಿ.

ಪ್ರಾಕ್ಟರಿಂಗ್ ಅಂದ್ರೆ ಏನು?

ಪರೀಕ್ಷಾ ಕೊಠಡಿಯಲ್ಲಿ ಇನ್ವಿಜಿಲೇಟರ್ ಮಾಡುವ ಕೆಲಸವನ್ನು ಕ್ಯಾಮೆರಾ, ಮೈಕು ಮತ್ತು ಸಾಫ್ಟ್‌ವೇರ್ ಕೈಲಿ ಮಾಡಿಸುವುದು. ಹಾಲ್ ಟಿಕೆಟ್ ಫೋಟೊ ಮತ್ತು ಮುಖ ಹೊಂದುತ್ತಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ, ಬೇರೆ ಕಿಟಕಿ ತೆರೆದರಾ, ಇದನ್ನೆಲ್ಲ ಅದು ನೋಡುತ್ತೆ. ಅನುಮಾನ ಬಂದ ಕಡೆ ಒಂದು ಗುರುತು ಹಾಕುತ್ತೆ. ಅದಕ್ಕೆ ಎಲ್ಲರೂ ಫ್ಲಾಗ್ ಅಂತಾರೆ.

ಎಲ್ಲಾ ಒಂದೇನಾ, ಬೇರೆ ಬೇರೆ ಬಗೆ ಇದೆಯಾ?

ಮುಖ್ಯವಾಗಿ ನಾಲ್ಕು ಬಗೆ. ಒಂದು, ಬ್ರೌಸರ್‌ಗೆ ಬೀಗ ಹಾಕುವುದು. ಪರೀಕ್ಷೆ ಮುಗಿಯುವ ತನಕ ಬೇರೆ ಏನೂ ತೆರೆಯಲು ಬರಲ್ಲ, ಕ್ಯಾಮೆರಾ ಇರಲ್ಲ. ಎರಡನೆಯದರಲ್ಲಿ ನಿಜವಾದ ಮನುಷ್ಯರೊಬ್ಬರು ಎಲ್ಲೋ ಕೂತು ಹತ್ತಾರು ಮಕ್ಕಳ ವಿಡಿಯೊ ನೇರವಾಗಿ ನೋಡುತ್ತಾರೆ. ಮೂರನೆಯದರಲ್ಲಿ ರೆಕಾರ್ಡ್ ಮಾಡಿಟ್ಟು ಆಮೇಲೆ ನೋಡುತ್ತಾರೆ. ನಾಲ್ಕನೆಯದು ಪೂರ್ತಿ ಎಐ. ಕಣ್ಣು ಎತ್ತ ಹೋಯ್ತು, ಸದ್ದು ಬಂತಾ, ಇನ್ನೊಂದು ಮುಖ ಕಂಡಿತಾ ಅಂತ ಅದೇ ಲೆಕ್ಕ ಹಾಕುತ್ತೆ. ಮಾರುವವರು ಇವನ್ನೆಲ್ಲ ಸೇರಿಸಿ ಒಂದೇ ಪ್ಯಾಕೇಜ್ ಮಾಡಿ ತೋರಿಸುತ್ತಾರೆ. ಬಿಡಿಸಿ ಕೇಳಿ. ಬೀಗದ ಬ್ರೌಸರ್ ಬೇಕು ಅಂದ ತಕ್ಷಣ ಕಣ್ಣಿನ ಲೆಕ್ಕವೂ ಬೇಕು ಅಂತೇನಿಲ್ಲ.

ನಮಗೆ ಇದು ಬೇಕೇ ಬೇಕಾ?

ಇದು ಮೊದಲು ಕೇಳಬೇಕಾದ ಪ್ರಶ್ನೆ. ಆದರೆ ಬಹಳ ಕಡೆ ಟೆಂಡರ್ ಕರೆದ ಮೇಲೆ ಕೇಳುತ್ತಾರೆ.

ಐಐಟಿ, ಐಐಎಸ್‌ಸಿಯವರು ನಡೆಸುವ ಎನ್‌ಪಿಟೆಲ್ ಆನ್‌ಲೈನ್ ಕೋರ್ಸ್ ಮಾಡಿದವರಿಗೆ ಗೊತ್ತಿರುತ್ತೆ. ಪಾಠ ಆನ್‌ಲೈನ್, ಅಸೈನ್‌ಮೆಂಟ್ ಆನ್‌ಲೈನ್, ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಕೂರಬೇಕು. ಸರ್ಟಿಫಿಕೇಟಿನ ಅಂಕದಲ್ಲಿ 25% ಅಸೈನ್‌ಮೆಂಟಿಗೆ, 75% ಆ ಪರೀಕ್ಷೆಗೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40% ತನಕ ಕ್ರೆಡಿಟ್ ‘ಸ್ವಯಂ’ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ತಾಣದ ಕೋರ್ಸುಗಳಿಂದ ಪಡೆಯಬಹುದು. ಅಂದರೆ ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರದಲ್ಲಿ ಅನ್ನುವುದು ಹಿಂದುಳಿದ ಪದ್ಧತಿ ಅಂತ ಯಾರೂ ಹೇಳಲು ಬರಲ್ಲ. ನಮ್ಮ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿ 2009ರಿಂದ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆ. ಹೆಚ್ಚಿನ ತಾಲೂಕಲ್ಲಿ ಒಂದಾದರೂ ಡಿಗ್ರಿ ಕಾಲೇಜು, ಅದರಲ್ಲೊಂದು ಕಂಪ್ಯೂಟರ್ ಲ್ಯಾಬು ಸಿಗುತ್ತೆ. ಆ ಲ್ಯಾಬಿನ ಹತ್ತಿಪ್ಪತ್ತು ಕಂಪ್ಯೂಟರ್ ರಿಪೇರಿ ಮಾಡಿಸುವ ದುಡ್ಡು ಮತ್ತು ಪ್ರಾಕ್ಟರಿಂಗ್ ಲೈಸೆನ್ಸ್ ದುಡ್ಡು ಪಕ್ಕಪಕ್ಕ ಇಟ್ಟು ನೋಡಿ.

ದೂರ ಶಿಕ್ಷಣದವರು, ಕೆಲಸಕ್ಕೆ ಹೋಗಿ ಓದುವವರು, ಹೆರಿಗೆಯಾದ ಹೆಣ್ಣುಮಕ್ಕಳು, ಹಾಸಿಗೆ ಹಿಡಿದವರು, ಇವರಿಗೆ ಮನೆಯಿಂದ ಬರೆಯುವ ದಾರಿ ಬೇಕೇ ಬೇಕು. ಅಂಥವರಿಗೆ ಕ್ಯಾಮೆರಾ ಕಾವಲು ಉಪಯೋಗಕ್ಕೆ ಬರುತ್ತೆ. ಇಡೀ ಕಾಲೇಜಿಗೆ ಅದನ್ನೇ ಹಾಕುವುದು ಬೇರೆ ಮಾತು.

ಡೆಮೊ ಚೆನ್ನಾಗಿತ್ತು, ಎಲ್ಲಾ ಸರಿಯಾಗೇ ಕೆಲಸ ಮಾಡಿತು. ಇನ್ನೇನು ನೋಡಬೇಕು?

ಡೆಮೊ ನಡೆಯುವುದು ಎಸಿ ಕೋಣೆಯಲ್ಲಿ, ಫೈಬರ್ ನೆಟ್‌ನಲ್ಲಿ, ಹೊಸ ಲ್ಯಾಪ್‌ಟಾಪಿನಲ್ಲಿ. ಮುಖದ ಮೇಲೆ ಬೆಳಕು ಬಿದ್ದಿರುತ್ತೆ, ಹಿಂದೆ ಬಿಳಿ ಗೋಡೆ ಇರುತ್ತೆ. ನಮ್ಮ ಮಕ್ಕಳ ಮನೆ ಹಾಗಿರಲ್ಲ.

ನಾವು ಅಂಕವಿಲ್ಲದ ಒಂದು ಪ್ರಯೋಗದ ಪರೀಕ್ಷೆ ಇಟ್ಟೆವು. ಮಕ್ಕಳಿಗೆ ಅವರವರ ಊರಲ್ಲೇ ಕೂತು ಬರೆಯಿರಿ ಅಂದೆವು. ಆಮೇಲೆ ಫ್ಲಾಗ್ ಬಂದ ರೆಕಾರ್ಡಿಂಗ್‌ಗಳನ್ನು ಕೂತು ನೋಡಿದೆವು. ಅದರಲ್ಲಿ ಒಂದು ನನಗೆ ಮರೆಯಲು ಆಗಿಲ್ಲ. ಮೊಳಕಾಲ್ಮೂರಿನ ಹುಡುಗಿ. ಮನೆಯ ನಡುಕೋಣೆಯಲ್ಲೇ ರೇಷ್ಮೆ ಸೀರೆಯ ಮಗ್ಗ. ಫೋನನ್ನು ಸ್ಟೀಲ್ ಚೊಂಬಿಗೆ ಒರಗಿಸಿ ಇಟ್ಟಿದ್ದಳು. ಹಿಂದೆ ಟ್ಯೂಬ್‌ಲೈಟು, ಹಾಗಾಗಿ ಮುಖ ಕಪ್ಪಗೆ. ಲಾಳಿ ಓಡುವ ಸದ್ದು ನಿಲ್ಲುತ್ತಲೇ ಇರಲಿಲ್ಲ, ಪ್ರತಿ ಸಲ ಪರದೆಯ ಪಕ್ಕದಲ್ಲಿ ‘ಹಿನ್ನೆಲೆಯಲ್ಲಿ ಧ್ವನಿ’ ಅಂತ ಕೆಂಪು ಸಾಲು ಬೀಳುತ್ತಿತ್ತು. ಒಂದು ಸಲ ಅವರ ಅವ್ವ ಬಗ್ಗಿ, ನೆಲದ ಮೇಲಿಂದ ಏನೋ ತೆಗೆದುಕೊಂಡು ಹೋದರು. ‘ಎರಡನೇ ವ್ಯಕ್ತಿ’ ಅಂತ ಬಂತು. ಆ ಹುಡುಗಿ ತಲೆ ಎತ್ತಲೇ ಇಲ್ಲ, ಬರೀತಾನೇ ಇದ್ದಳು. ಕೊನೆಗೆ ಸಾಫ್ಟ್‌ವೇರ್ ಅವಳನ್ನು ಅತಿ ಅನುಮಾನದ ಪಟ್ಟಿಯಲ್ಲಿ ಇಟ್ಟಿತ್ತು. ಮಾರನೇ ದಿನ ಫೋನ್ ಮಾಡಿ, ‘ಮೇಡಂ, ಅಪ್ಪಂಗೆ ಮಗ್ಗ ನಿಲ್ಲಿಸು ಅಂತ ಹೇಳೋಕ್ಕಾಗಲಿಲ್ಲ, ಸೀರೆ ಕೊಡೋದಿತ್ತು’ ಅಂದಳು. ತಪ್ಪು ಮಾಡಿದವಳ ಥರ ಮಾತಾಡುತ್ತಿದ್ದಳು. ನನಗೆ ಬಹಳ ಸಂಕಟ ಆಯ್ತು.

ಹಾಗಾಗಿ ನನ್ನ ಸಲಹೆ ಒಂದೇ. ಮಾರುವವರ ಡೆಮೊ ಅರ್ಧ ಗಂಟೆ ನೋಡಿ, ನಿಮ್ಮ ಮಕ್ಕಳ ಮನೆಯಲ್ಲಿ ಪ್ರಯೋಗ ಎರಡು ವಾರ ಮಾಡಿ. ಜಾತ್ರೆ, ಹಬ್ಬದ ದಿನವೂ ಒಂದು ಪರೀಕ್ಷೆ ಇಡಿ. ನಾಯಕನಹಟ್ಟಿ ಜಾತ್ರೆ ಹೊತ್ತಿಗೆ ಆ ಕಡೆಯ ಊರುಗಳಲ್ಲಿ ಮೈಕಿನ ಸದ್ದಿಲ್ಲದ ಮೂಲೆ ಹುಡುಕುವುದು ಕಷ್ಟ.

ಹಳ್ಳಿ ನೆಟ್‌ವರ್ಕಿನಲ್ಲಿ ನಡೆಯುತ್ತಾ? ಎಷ್ಟು ಡೇಟಾ ಬೇಕು?

ಲೆಕ್ಕ ಹಾಕೋಣ. ಸಾಧಾರಣ ಗುಣಮಟ್ಟದ ವಿಡಿಯೊ ಸೆಕೆಂಡಿಗೆ 500 ಕಿಲೋಬಿಟ್ ಅಂತ ಇಟ್ಟುಕೊಳ್ಳಿ. ಮೂರು ಗಂಟೆ ಅಂದರೆ 10,800 ಸೆಕೆಂಡು. ಒಟ್ಟು ಸುಮಾರು 675 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಇದು ಸಾಕಲ್ವಾ ಅಂತ ಅನ್ನಿಸಬಹುದು. ಆದರೆ ಇದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಹಳ್ಳಿಗಳಲ್ಲಿ ಸಿನಿಮಾ ನೋಡಲು ಬರುವ ನೆಟ್‌ನಲ್ಲಿ ವಿಡಿಯೊ ಕಳಿಸಲು ಹೋದರೆ ಒದ್ದಾಡುತ್ತೆ. ಮನೆಯ ಮಾಳಿಗೆ ಹತ್ತಿದರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುವ ಊರುಗಳು ನಮ್ಮಲ್ಲಿ ಇನ್ನೂ ಇವೆ, ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಮೂರು ಗಂಟೆ ಕೂತು ಪರೀಕ್ಷೆ ಬರೆಯೋದು ಅಂದರೆ ಏನು ಅಂತ ಟೆಂಡರ್ ಬರೆಯುವವರು ಒಮ್ಮೆ ಯೋಚನೆ ಮಾಡಬೇಕು. ಪರದೆಯ ರೆಕಾರ್ಡಿಂಗೂ ಸೇರಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತೆ.

ನಿಮ್ಮ ಕಡೆಗೂ ಒಂದು ಲೆಕ್ಕ ಇದೆ. ಸಾವಿರ ಮಕ್ಕಳು ಒಂದು ಪೇಪರ್ ಬರೆದರೆ 675 ಜಿಬಿ. ಆರು ಪೇಪರಿಗೆ 4 ಟಿಬಿ ದಾಟುತ್ತೆ. ಅದನ್ನು ಎಲ್ಲಿ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಆ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಬರವಣಿಗೆಯಲ್ಲಿ ತಗೊಳ್ಳಿ.

ವಿಡಿಯೊ ಬದಲು ಕೆಲವು ಸೆಕೆಂಡಿಗೊಮ್ಮೆ ಫೋಟೊ ತೆಗೆದು ಕಳಿಸುವ ವ್ಯವಸ್ಥೆಗಳೂ ಇವೆ. ನೆಟ್ ಕಡಿಮೆ ಇರುವ ಕಡೆ ಅವು ಮೇಲು.

ಮಧ್ಯದಲ್ಲಿ ಕರೆಂಟ್ ಹೋದರೆ, ನೆಟ್ ಹೋದರೆ?

ಮೂರು ಸಂಗತಿ ಪರೀಕ್ಷೆ ಮಾಡಿ. ನೆಟ್ ಹೋದಾಗ ಬರೆದ ಉತ್ತರ ಆ ಕಂಪ್ಯೂಟರಿನಲ್ಲೇ ಉಳಿಯುತ್ತಾ? ವಾಪಸ್ ಬಂದಾಗ ಅದೇ ಜಾಗದಿಂದ ಶುರುವಾಗುತ್ತಾ? ಹೋದ ಸಮಯ ಸಿಗುತ್ತಾ? ನಾವು ಪ್ರಯೋಗದ ನಡುವೆ ಬೇಕಂತಲೇ ರೌಟರ್ ಆಫ್ ಮಾಡಿ ನೋಡಿದೆವು. ಒಂದು ವ್ಯವಸ್ಥೆ ಇಡೀ ಪರೀಕ್ಷೆಯನ್ನೇ ಸಲ್ಲಿಕೆ ಮಾಡಿ ಮುಗಿಸಿಬಿಟ್ಟಿತು. ಅದನ್ನು ಅಲ್ಲೇ ಪಟ್ಟಿಯಿಂದ ತೆಗೆದೆವು.

ಮೊಬೈಲಲ್ಲಿ ಬರೆಯಬಹುದಾ?

ಕೆಲವಕ್ಕೆ ಆಂಡ್ರಾಯ್ಡ್ ಆ್ಯಪ್ ಇದೆ, ಕೆಲವಕ್ಕೆ ಇಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸೇಫ್ ಎಕ್ಸಾಂ ಬ್ರೌಸರ್ ಅನ್ನುವ ಬೀಗದ ಬ್ರೌಸರ್ ಉಚಿತ, ಓಪನ್ ಸೋರ್ಸ್, ಬಹಳ ಒಳ್ಳೆಯದು. ಆದರೆ ಅದು ವಿಂಡೋಸ್, ಮ್ಯಾಕ್ ಮತ್ತು ಐಪ್ಯಾಡ್, ಐಫೋನಿಗೆ ಇದೆ, ಆಂಡ್ರಾಯ್ಡಿಗೆ ಇಲ್ಲ. ನಮ್ಮ ಮಕ್ಕಳ ಕೈಯಲ್ಲಿ ಇರುವುದೇ ಆಂಡ್ರಾಯ್ಡ್. ಅದೂ ಎಷ್ಟೋ ಮನೆಯಲ್ಲಿ ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದು. ಮೊದಲು ನಿಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಲ್ಯಾಪ್‌ಟಾಪ್ ಇದೆ ಅಂತ ತರಗತಿ ತರಗತಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಗೂಗಲ್ ಫಾರ್ಮ್ ಕಳಿಸಿದರೆ ನೆಟ್ ಇಲ್ಲದವರು ಅದರಲ್ಲಿ ಬರುವುದೇ ಇಲ್ಲ.

‘ನಮ್ಮದು 95% ನಿಖರ’ ಅಂತಾರೆ. ಅಷ್ಟು ಸಾಕಲ್ವಾ?

ಸಾಕಾಗಲ್ಲ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಸಾವಿರ ಮಕ್ಕಳು ಬರೀತಾರೆ, ಅದರಲ್ಲಿ 20 ಜನ ನಿಜವಾಗಲೂ ಕಾಪಿ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಯಂತ್ರ ಕಾಪಿ ಮಾಡಿದವರಲ್ಲಿ 90% ಜನರನ್ನು ಹಿಡಿಯುತ್ತೆ. ಒಳ್ಳೆಯವರಲ್ಲಿ 5% ಜನರ ಮೇಲೆ ಮಾತ್ರ ತಪ್ಪಾಗಿ ಅನುಮಾನ ಪಡುತ್ತೆ. ಕೇಳಲು ಚೆನ್ನಾಗಿದೆ. ಈಗ ಎಣಿಸಿ. ಕಾಪಿ ಮಾಡಿದ 20ರಲ್ಲಿ 18 ಜನ ಸಿಕ್ಕಿದರು. ಉಳಿದ 980 ಜನರಲ್ಲಿ 5% ಅಂದರೆ 49 ಜನ. ಒಟ್ಟು 67 ಫ್ಲಾಗ್, ಅದರಲ್ಲಿ 49 ಏನೂ ಮಾಡದ ಮಕ್ಕಳದ್ದು. ಹತ್ತಿರ ಹತ್ತಿರ ನಾಲ್ಕರಲ್ಲಿ ಮೂರು!

ಕಾಪಿ ಮಾಡುವವರು ಕಡಿಮೆ ಇದ್ದಷ್ಟೂ ಈ ಲೆಕ್ಕ ಕೆಡುತ್ತೆ. ಆದ್ದರಿಂದ ನಿಖರತೆ ಎಷ್ಟು ಅಂತ ಕೇಳಬೇಡಿ. ನೂರು ಫ್ಲಾಗಿನಲ್ಲಿ ಎಷ್ಟು ನಿಜ, ಅದನ್ನು ಯಾರು, ಹೇಗೆ ಲೆಕ್ಕ ಮಾಡಿದರು ಅಂತ ಕೇಳಿ. ನಾವು ಕೇಳಿದಾಗ ಒಬ್ಬರೂ ಕಾಗದದ ಮೇಲೆ ಕೊಡಲಿಲ್ಲ.

ಬೇರೆ ಕಡೆ ಆಗಿದ್ದೂ ಇದೇ. 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ವಕೀಲರ ಪರೀಕ್ಷೆಯನ್ನು ಆನ್‌ಲೈನ್ ಮಾಡಿದರು. ಬರೆದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಫ್ಲಾಗ್ ಬಂತು. ಆಮೇಲೆ ಕೂತು ನೋಡಿ ಬಹುಪಾಲು ಜನರನ್ನು ಏನೂ ತಪ್ಪಿಲ್ಲ ಅಂತ ಬಿಟ್ಟರು. ಆದರೆ ಅಷ್ಟು ದಿನ ಅವರು ಹೇಗೆ ನಿದ್ದೆ ಮಾಡಿರಬೇಡ?

ನಿಜವಾಗಿ ಕಾಪಿ ಮಾಡುವವರನ್ನಾದರೂ ಹಿಡಿಯುತ್ತಾ?

ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದರು. 30 ವಿದ್ಯಾರ್ಥಿಗಳಿಗೆ ಪ್ರಾಕ್ಟೋರಿಯೊ ಅನ್ನುವ ಪ್ರಾಕ್ಟರಿಂಗ್ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಕೊಟ್ಟರು. ಅದರಲ್ಲಿ 6 ಜನಕ್ಕೆ ಕಾಪಿ ಮಾಡಿ ಅಂತ ಮೊದಲೇ ಹೇಳಿದ್ದರು. ಸಾಫ್ಟ್‌ವೇರ್ ಆ ಆರರಲ್ಲಿ ಒಬ್ಬರನ್ನೂ ಹಿಡಿಯಲಿಲ್ಲ. 30 ಜನರ ಪ್ರಯೋಗದಿಂದ ಎಲ್ಲಕ್ಕೂ ತೀರ್ಪು ಕೊಡಲು ಆಗಲ್ಲ, ನಿಜ. ಆದರೆ ಈ ಥರದ ಪ್ರಯೋಗ ನೀವೂ ಮಾಡಬಹುದು ಅನ್ನುವುದು ನನಗೆ ಮುಖ್ಯ. ಖರ್ಚಿಲ್ಲ. ಹತ್ತು ಜನ ಹುಷಾರು ಹುಡುಗರನ್ನು ಕರೆದು, ‘ಇದಕ್ಕೆ ಹೇಗೆ ಮೋಸ ಮಾಡ್ತೀರಿ ತೋರಿಸಿ’ ಅನ್ನಿ. ನಮ್ಮ ಹುಡುಗರು ಮೊದಲ ದಿನವೇ ಪರದೆಯ ಹಿಂದೆ ಎರಡನೇ ಫೋನ್ ಇಟ್ಟರು. ಇನ್ನೊಬ್ಬ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಪಕ್ಕದ ಕೋಣೆಯ ಟಿವಿಗೆ ಪ್ರಶ್ನೆ ಕಾಣುವ ಹಾಗೆ ಮಾಡಿದ.

ನೇರವಾಗಿ ಹೇಳಬೇಕು ಅಂದರೆ, ಸುಮ್ನೆ ಅಕ್ಕಪಕ್ಕ ನೋಡುವವರು ಇದಕ್ಕೆ ಹೆದರುತ್ತಾರೆ. ತಯಾರಿ ಮಾಡಿಕೊಂಡು ಬಂದವನು ಹೆದರಲ್ಲ.

ಮುಖ ಗುರುತಿಸುವುದರಲ್ಲಿ ಬಣ್ಣದ ಸಮಸ್ಯೆ ಇದೆ ಅಂತಾರೆ, ನಿಜಾನಾ?

ಮುಖ ನೋಡುವ ಸಾಫ್ಟ್‌ವೇರ್‌ಗಳ ವಿಷಯದಲ್ಲಿ ಈ ಚಿಂತೆಗೆ ಗಟ್ಟಿ ಕಾರಣ ಇದೆ. ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಅವರು 2018ರಲ್ಲಿ ದೊಡ್ಡ ಕಂಪನಿಗಳ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಕೆಲಸ ಸುಲಭದ್ದೇ, ಫೋಟೊ ನೋಡಿ ಗಂಡೋ ಹೆಣ್ಣೋ ಹೇಳುವುದು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು 1%ಗಿಂತ ಕಡಿಮೆ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು 34.7% ತನಕ ಹೋಯ್ತು. ಆಮೇಲೆ ಕಂಪನಿಗಳು ಸುಧಾರಿಸಿಕೊಂಡಿವೆ. ಆದರೂ ನೀವು ಕೊಳ್ಳುವ ಸಾಫ್ಟ್‌ವೇರ್ ಒಳಗೆ ಯಾವ ಮುಖ ನೋಡಿ ಕಲಿತ ಮಾದರಿ ಇದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು? ನಮ್ಮ ಬಿಸಿಲಿನ ಬಣ್ಣದ ಮಕ್ಕಳು, ಮಂದ ಬೆಳಕು, ಹಳೇ ಕ್ಯಾಮೆರಾ, ಮೂರೂ ಸೇರಿದಾಗ ‘ಮುಖ ಕಾಣುತ್ತಿಲ್ಲ’ ಎಷ್ಟು ಸಲ ಬರುತ್ತೆ ಅಂತ ಎಣಿಸಿ. ಬುರ್ಖಾ, ಹಿಜಾಬ್ ಹಾಕುವ ಹುಡುಗಿಯರನ್ನೂ ಪ್ರಯೋಗದಲ್ಲಿ ಸೇರಿಸಿ, ಅವರ ಗುರುತು ಪರಿಶೀಲನೆಯನ್ನು ಹೆಂಗಸರೇ ಮಾಡುವ ಏರ್ಪಾಡು ಇದೆಯಾ ಕೇಳಿ.

ಉತ್ತರವನ್ನು ಕನ್ನಡದಲ್ಲಿ ಬರೆಯುವವರಿಗೆ?

ಇದರ ಬಗ್ಗೆ ಬೆಂಗಳೂರಿನಿಂದ ಬಂದ ಮಾರಾಟಗಾರರಲ್ಲಿ ಒಬ್ಬರೂ ತಾವಾಗಿ ಮಾತಾಡಲಿಲ್ಲ. ನಾವೇ ಕೇಳಬೇಕಾಯ್ತು.

ಬೀಗದ ಬ್ರೌಸರ್ ಬೇರೆ ಪ್ರೋಗ್ರಾಂ ಓಡಲು ಬಿಡಲ್ಲ. ಕನ್ನಡ ಟೈಪ್ ಮಾಡಲು ಬಳಸುವ ‘ನುಡಿ’ ಅನ್ನುವುದು ಬೇರೆಯದೇ ಪ್ರೋಗ್ರಾಂ. ಹಾಗಾಗಿ ಅದನ್ನು ಮುಚ್ಚು ಅಂತ ಕೇಳುವ ಸಾಧ್ಯತೆ ಇದೆ. ವಿಂಡೋಸಿನಲ್ಲೇ ಇರುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದ್ದರೂ, ಇಂಗ್ಲಿಷಿಂದ ಕನ್ನಡಕ್ಕೆ ಬದಲಿಸುವ ಕೀಲಿಗಳನ್ನೇ ಬೀಗ ಹಾಕಿಬಿಟ್ಟರೆ ಮುಗೀತು. ನಿಮ್ಮ ಕನ್ನಡ ವಿಭಾಗದ, ಇತಿಹಾಸ ವಿಭಾಗದ ಮಕ್ಕಳನ್ನು ಕೂರಿಸಿ ಒಂದು ಪುಟ ಟೈಪ್ ಮಾಡಿಸಿ ನೋಡಿ. ಒತ್ತಕ್ಷರ ಒಡೆಯುತ್ತಾ, ಸೇವ್ ಆದ ಮೇಲೆ ‘ರ್ಕ’ದಂಥ ಅರ್ಕಾವೊತ್ತು ಸರಿಯಾಗಿ ಕಾಣುತ್ತಾ ಅಂತಲೂ ನೋಡಿ.

ಟೈಪಿಂಗ್ ಬೇಡ, ಕಾಗದದ ಮೇಲೆ ಬರೆದು ಫೋಟೊ ತೆಗೆದು ಕಳಿಸಲಿ ಅಂದರೆ ಇನ್ನೊಂದು ತೊಂದರೆ. ಕೈಯಲ್ಲಿ ಬರೆಯುವವರು ಮೂರು ಗಂಟೆಯೂ ಕೆಳಗೆ ನೋಡುತ್ತಲೇ ಇರುತ್ತಾರೆ. ಕಣ್ಣಿನ ಲೆಕ್ಕ ಹಾಕುವ ಎಐಗೆ ಅದು ಪರದೆ ಬಿಟ್ಟು ಬೇರೆ ಕಡೆ ನೋಡಿದ ಹಾಗೆ. ಒಂದು ಪ್ರಯೋಗದಲ್ಲಿ ಕೈಬರಹದ ಗುಂಪಿನ ಎಲ್ಲರಿಗೂ ಫ್ಲಾಗ್ ಬಂದಿತ್ತು. ಕನ್ನಡದಲ್ಲಿ ಬರೆದದ್ದಕ್ಕೆ ಅನುಮಾನ ಅಂದಂಗಾಯ್ತಲ್ಲ. ಕೈಬರಹ ಇದ್ದರೆ ಕಣ್ಣಿನ ಲೆಕ್ಕವನ್ನು ಪೂರ್ತಿ ಆಫ್ ಮಾಡಿಸಿ. ಆಫ್ ಮಾಡಲು ಬರದ ವ್ಯವಸ್ಥೆ ತಗೊಳ್ಳಬೇಡಿ.

ಅಂಗವಿಕಲ ಮಕ್ಕಳಿಗೆ ಹೇಗೆ?

ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಅರ್ಹರಿಗೆ ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚು ಕೊಡಬೇಕು. ಮೂರು ಗಂಟೆ ಪರೀಕ್ಷೆಗೆ ಒಂದು ಗಂಟೆ. ಬರೆಯಲು ಸಹಾಯಕರನ್ನೂ ಇಟ್ಟುಕೊಳ್ಳಬಹುದು. ಈಗ ಯೋಚಿಸಿ, ಸಹಾಯಕ ಪಕ್ಕದಲ್ಲಿ ಕೂತರೆ ‘ಎರಡನೇ ವ್ಯಕ್ತಿ’, ಉತ್ತರ ಹೇಳಿ ಬರೆಸಿದರೆ ‘ಮಾತು ಕೇಳಿಸಿತು’. ಕಣ್ಣು ಕಾಣದವರು ಎನ್‌ವಿಡಿಎ ಥರದ ಓದಿ ಹೇಳುವ ಸಾಫ್ಟ್‌ವೇರ್ ಬಳಸಿದರೆ ಬೀಗದ ಬ್ರೌಸರ್ ಅದನ್ನೇ ತಡೆಯಬಹುದು. ಕಣ್ಣು ನಡುಗುವವರು, ಫಿಟ್ಸ್ ಇರುವವರು, ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾದ ಸಕ್ಕರೆ ಕಾಯಿಲೆಯವರು, ಇವರಿಗೆಲ್ಲ ಒಬ್ಬೊಬ್ಬರಿಗೂ ಬೇರೆ ಸೆಟ್ಟಿಂಗ್ ಹಾಕಲು ಬರಬೇಕು. ಹೀಗೆ ಮಾಡಿದ ಮೇಲೂ ಅವರಲ್ಲಿ ಒಬ್ಬರನ್ನಾದರೂ ಕೂರಿಸಿ ನೋಡದೆ ಸಹಿ ಹಾಕಬೇಡಿ.

ಫ್ಲಾಗ್ ಬಂದ ಮೇಲೆ ಏನು ಮಾಡಬೇಕು?

ಮನುಷ್ಯರು ನೋಡಬೇಕು. ಅಷ್ಟೇ. ಫ್ಲಾಗ್ ಅಂದರೆ ಸಾಕ್ಷಿ ಅಲ್ಲ. ‘ಇಲ್ಲೊಂದು ಸಲ ನೋಡಿ’ ಅಂತ ಬೆರಳು ತೋರಿಸುವುದು ಅಷ್ಟೇ.

ಪ್ರಾಕ್ಟರ್‌ಯು ಅನ್ನುವ ದೊಡ್ಡ ಕಂಪನಿ 2021ರಲ್ಲಿ ಬರೀ ಎಐ ಕಾವಲು ಮಾರುವುದನ್ನು ನಿಲ್ಲಿಸುತ್ತೇವೆ ಅಂತ ತಾನೇ ಹೇಳಿತು. ಕಾರಣ ಏನು ಗೊತ್ತಾ? ಫ್ಲಾಗ್ ಬಂದ ವಿಡಿಯೊಗಳಲ್ಲಿ ಸುಮಾರು 11% ಮಾತ್ರ ಅಧ್ಯಾಪಕರು ತೆರೆದು ನೋಡುತ್ತಿದ್ದರು. ಇದು ನಮ್ಮ ಮೇಲೂ ಬರುವ ಮಾತು. ಪೇಪರ್ ತಿದ್ದುವುದು, ಇಂಟರ್ನಲ್ಸ್, ನ್ಯಾಕ್ ಫೈಲು, ಇದರ ನಡುವೆ ಇನ್ನೂರು ವಿಡಿಯೊ ಯಾರು ನೋಡುತ್ತಾರೆ? ಒಂದು ಫ್ಲಾಗಿಗೆ ಐದು ನಿಮಿಷ ಅಂದರೂ 200ಕ್ಕೆ 16 ಗಂಟೆ ದಾಟುತ್ತೆ. ಆ ಗಂಟೆಗಳನ್ನು ಕೆಲಸದ ಹೊರೆಯಲ್ಲಿ ಸೇರಿಸಿ, ಸಂಭಾವನೆ ಕೊಡಿ. ಕೊಡಲು ಆಗದಿದ್ದರೆ ವ್ಯವಸ್ಥೆಯನ್ನೇ ತರಬೇಡಿ. ನೋಡದ ಫ್ಲಾಗ್ ಮೇಲೆ ಮಗುವನ್ನು ಮಾಲ್‌ಪ್ರಾಕ್ಟೀಸಿನಲ್ಲಿ ಬುಕ್ ಮಾಡುವುದು ಅನ್ಯಾಯ.

ನಮ್ಮ ತಂಡ ಬರೆದ ನಿಯಮ ಹೀಗಿತ್ತು. ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರಾದರೂ ಆ ವಿಷಯದವರಾಗಿರಬೇಕು. ವಿದ್ಯಾರ್ಥಿಗೆ ಅದೇ ವಿಡಿಯೊ ತೋರಿಸಿ ಏನು ಹೇಳುತ್ತಾನೆ ಕೇಳಬೇಕು. ಉತ್ತರ ಪತ್ರಿಕೆಯಲ್ಲೂ ಅನುಮಾನ ಇದ್ದರೆ ಮಾತ್ರ ಮುಂದೆ ಹೋಗಬೇಕು. ತೀರ್ಮಾನ ಆಗುವ ತನಕ ಫಲಿತಾಂಶ ತಡೆಹಿಡಿಯಬಾರದು.

ಖಾಸಗಿತನದ ಕಾನೂನು ಏನು ಹೇಳುತ್ತೆ?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಇದರಲ್ಲಿ ಎರಡು ಮಾತು ಗಮನಿಸಿ. ಒಪ್ಪಿಗೆ ಕೇಳುವಾಗ ಸರಳ ಮಾತಲ್ಲಿ ಕೇಳಬೇಕು, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ಹಕ್ಕು. ಇನ್ನೊಂದು, 18 ತುಂಬದವರು ಆ ಕಾಯ್ದೆಗೆ ಮಕ್ಕಳು, ಅವರ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಮಾತು ಬರುತ್ತೆ. ಪಿಯುಸಿ ಮುಗಿಸಿ ಬಂದ ಮೊದಲ ಸೆಮಿಸ್ಟರಿನ ಎಷ್ಟೋ ಮಕ್ಕಳಿಗೆ ಇನ್ನೂ 17. ಕಾನೂನು ಗೊತ್ತಿರುವವರ ಹತ್ತಿರ ಕೂತು ಈ ಭಾಗ ಸರಿಮಾಡಿಕೊಳ್ಳಿ.

ನನಗೆ ಕಾನೂನಿಗಿಂತ ಕಾಡುವುದು ಬೇರೆ. ಒಪ್ಪದಿದ್ದರೆ ಪರೀಕ್ಷೆ ಇಲ್ಲ ಅಂದಾಗ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕ್ಯಾಮೆರಾ ಬೇಡ ಅನ್ನುವವರಿಗೆ ಕಾಲೇಜಿಗೆ ಬಂದು ಬರೆಯುವ ದಾರಿ ತೆರೆದಿಡಿ.

ಕೋಣೆಯನ್ನೆಲ್ಲ ಸುತ್ತ ತೋರಿಸಬೇಕು ಅಂತಾರೆ. ಅದು ಸರೀನಾ?

ನನ್ನ ಪ್ರಕಾರ ಬೇಡವೇ ಬೇಡ. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಮಲಗಿರುತ್ತಾರೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತೆ, ಮೂಲೆಯಲ್ಲಿ ಪಾತ್ರೆ. ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಹುಡುಗಿ. ಅವರ್ಯಾರೂ ವಿಡಿಯೊಗೆ ಒಪ್ಪಿಗೆ ಕೊಟ್ಟಿರಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಓಹಾಯೊ ರಾಜ್ಯದ ಫೆಡರಲ್ ಕೋರ್ಟ್ ಒಂದು, ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಕೇಸಿನಲ್ಲಿ, ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯ ಕೋಣೆಯನ್ನು ಹೀಗೆ ಸ್ಕ್ಯಾನ್ ಮಾಡಿಸಿದ್ದು ಅವರ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಅಲ್ಲಿನ ತೀರ್ಪು ಇಲ್ಲಿ ನಡೆಯಲ್ಲ, ಆದರೆ ಅಲ್ಲಿ ಎದ್ದ ಪ್ರಶ್ನೆ ನಮ್ಮದೂ ಹೌದು.

ಡೇಟಾ ಸೋರಿಕೆ ಆಗುತ್ತಾ?

ಆಗಿದೆ. 2020ರಲ್ಲಿ ಪ್ರಾಕ್ಟರ್‌ಯುನ 4 ಲಕ್ಷಕ್ಕೂ ಹೆಚ್ಚು ಬಳಕೆದಾರರ ಮಾಹಿತಿ ಹೊರಗೆ ಬಂದಿತ್ತು. ಎಷ್ಟು ದಿನಕ್ಕೆ ಅಳಿಸುತ್ತೀರಿ, ಅಳಿಸಿದ್ದಕ್ಕೆ ಪುರಾವೆ ಏನು, ನಮ್ಮ ಮಕ್ಕಳ ವಿಡಿಯೊ ಹಾಕಿ ನಿಮ್ಮ ಎಐಗೆ ಕಲಿಸುತ್ತೀರಾ ಅಂತ ಕೇಳಿ. ಕೊನೆಯದಕ್ಕೆ ‘ಇಲ್ಲ’ ಅನ್ನುವ ಉತ್ತರ ಕರಾರು ಪತ್ರದಲ್ಲೇ ಇರಲಿ.

ಟೆಂಡರಿನಲ್ಲಿ ಕಡಿಮೆ ದರ ಕೊಟ್ಟವರಿಗೇ ಕೊಡಬೇಕಲ್ವಾ?

ಸರ್ಕಾರಿ ಸಂಸ್ಥೆಗಳಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಆದರೆ ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ. ನಿಮ್ಮ ಷರತ್ತೆಲ್ಲ ಅಲ್ಲಿ ಬರಬೇಕು. ನೆಟ್ ಹೋದರೆ ಉತ್ತರ ಉಳಿಯಬೇಕು, ಕನ್ನಡ ಟೈಪಿಂಗ್ ನಡೆಯಬೇಕು, ಕಣ್ಣಿನ ಲೆಕ್ಕ ಆಫ್ ಮಾಡಲು ಬರಬೇಕು, ಕನ್ನಡ ಗೊತ್ತಿರುವವರು ಪರೀಕ್ಷೆಯ ಹೊತ್ತಲ್ಲಿ ಫೋನ್ ಎತ್ತಬೇಕು. ಪ್ರಯೋಗದಲ್ಲಿ ಪಾಸಾಗದವರ ದರದ ಲಕೋಟೆ ತೆರೆಯುವ ಪ್ರಶ್ನೆಯೇ ಬರಬಾರದು. ಷರತ್ತು ಸಡಿಲ ಬರೆದರೆ ಆಮೇಲೆ ಕಡಿಮೆ ದರದವರನ್ನು ಬೇಡ ಅನ್ನಲು ಆಗಲ್ಲ.

ಚಾಟ್‌ಜಿಪಿಟಿ ಬಂದ ಮೇಲೆ ಕ್ಯಾಮೆರಾ ಇಲ್ಲದೆ ಆಗುತ್ತಾ?

ಕ್ಯಾಮೆರಾ ಇದ್ದರೂ ಎರಡನೇ ಫೋನ್ ಇದ್ದೇ ಇರುತ್ತೆ. ನಾನು ನಂಬುವುದು ಪ್ರಶ್ನೆ ಪತ್ರಿಕೆ ಬದಲಿಸುವುದನ್ನು. ವ್ಯಾಖ್ಯಾನ ಬರೆಯಿರಿ ಅನ್ನುವ ಪ್ರಶ್ನೆಗೆ ಯಾರು ಬೇಕಾದರೂ ಉತ್ತರ ತರುತ್ತಾರೆ. ನಿಮ್ಮ ಊರಿನ ಕೆರೆಯ ನೀರು ಈ ಹತ್ತು ವರ್ಷದಲ್ಲಿ ಹೇಗೆ ಬದಲಾಯ್ತು, ಯಾರನ್ನು ಕೇಳಿ ತಿಳಿದುಕೊಂಡಿರಿ ಬರೆಯಿರಿ ಅಂದರೆ ಅವರೇ ಬರೆಯಬೇಕು. ಆಮೇಲೆ ಐದು ನಿಮಿಷ ಕೂರಿಸಿ ಮಾತಾಡಿಸಿ. 40 ಮಕ್ಕಳ ತರಗತಿಗೆ ಮೂರೂವರೆ ಗಂಟೆಯೂ ಬೇಡ. ಇನ್ನೂರು ಜನ ಇರುವ ಬಿಕಾಂ ತರಗತಿಗೆ ಇದು ಕಷ್ಟ, ಒಪ್ಪುತ್ತೇನೆ, ಅಲ್ಲಿ ಲ್ಯಾಬಿನಲ್ಲೇ ಪರೀಕ್ಷೆ ಇಡುವುದು ಒಳ್ಳೆಯದು.

ನಿಮ್ಮ ತಂಡ ಕೊನೆಗೆ ಏನು ಹೇಳಿತು?

ಸೆಮಿಸ್ಟರ್ ಪರೀಕ್ಷೆ ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ, ಮೂಡಲ್ (ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಉಚಿತ ಸಾಫ್ಟ್‌ವೇರ್) ಮತ್ತು ಸೇಫ್ ಎಕ್ಸಾಂ ಬ್ರೌಸರ್ ಹಾಕಿ, ಇನ್ವಿಜಿಲೇಟರ್ ಇಟ್ಟು. ಮೂಡಲ್ 3.9ರಿಂದ ಎರಡಕ್ಕೂ ಹೊಂದಿಕೆ ಒಳಗೇ ಇದೆ, ಲೈಸೆನ್ಸ್ ದುಡ್ಡು ಇಲ್ಲ. ಆದರೆ ಸರ್ವರ್ ನೋಡಿಕೊಳ್ಳುವ ಒಬ್ಬರಿಗೆ ಸಂಬಳ ಬೇಕು, ಅದನ್ನು ಮರೆಯಬೇಡಿ. ಮನೆಯಿಂದ ಬರೆಯಲೇಬೇಕಾದವರಿಗೆ ಮಾತ್ರ ನೇರ ಮನುಷ್ಯರ ಕಾವಲು. ಎಐ ಅನುಮಾನದ ಅಂಕ ಯಾರಿಗೂ ಬೇಡ. ಪರೀಕ್ಷೆ ಶುರುವಾಗುವ ಹೊತ್ತನ್ನೂ ಅರ್ಧ ಗಂಟೆ ಮುಂದಕ್ಕೆ ಹಾಕಿ ಅಂದೆವು. ಹಳ್ಳಿಯ ಬಸ್ಸು ಬರುವ ಹೊತ್ತು ನೋಡಿಕೊಂಡು.

ನಾನು ವಿದ್ಯಾರ್ಥಿ. ಏನೂ ಮಾಡಿಲ್ಲ, ಆದರೂ ಫ್ಲಾಗ್ ಬಂದಿದೆ. ಏನು ಮಾಡಲಿ?

ಮೊದಲು ಹೆದರಬೇಡಿ. ಹೆದರಿ ‘ತಪ್ಪಾಯ್ತು ಸರ್’ ಅಂತ ಬರೆದುಕೊಡಲೇಬೇಡಿ, ಮಾಡದ ತಪ್ಪಿಗೆ ಅದೇ ಸಾಕ್ಷಿಯಾಗಿಬಿಡುತ್ತೆ. ಅವತ್ತೇ ನೆನಪಿದ್ದದ್ದನ್ನೆಲ್ಲ ಬರೆದಿಡಿ: ಎಷ್ಟು ಹೊತ್ತಿಗೆ ಕರೆಂಟ್ ಹೋಯ್ತು, ಯಾರು ಒಳಗೆ ಬಂದರು, ಯಾವ ಸದ್ದಿತ್ತು. ಕರಡು ಹಾಳೆ ಎಸೆಯಬೇಡಿ. ಯಾವ ನಿಮಿಷದ ಫ್ಲಾಗ್, ಯಾವ ಕಾರಣಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ, ವಿಡಿಯೊ ತೋರಿಸಿ ಅಂತ ಕೇಳಿ. 2011ರಲ್ಲಿ ಸುಪ್ರೀಂ ಕೋರ್ಟ್, ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿ ತನ್ನ ತಿದ್ದಿದ ಉತ್ತರ ಪತ್ರಿಕೆ ನೋಡಬಹುದು ಅಂತ ಹೇಳಿದೆ. ನಿಮ್ಮದೇ ವಿಡಿಯೊ ನೋಡಲು ಕೇಳುವುದಕ್ಕೂ ಸಂಕೋಚ ಬೇಡ. ವಿಚಾರಣೆಗೆ ಒಬ್ಬರೇ ಹೋಗಬೇಡಿ, ನಿಮ್ಮ ವಿಷಯದ ಅಧ್ಯಾಪಕರನ್ನೋ ಅಪ್ಪ ಅಮ್ಮನನ್ನೋ ಕರೆದುಕೊಂಡು ಹೋಗಿ. ಆ ವಿಷಯದ ಬಗ್ಗೆ ಅಲ್ಲೇ ಪ್ರಶ್ನೆ ಕೇಳಿ, ಉತ್ತರ ಹೇಳುತ್ತೇನೆ ಅಂತ ನೀವಾಗಿಯೇ ಹೇಳಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು, ಅದರ ಫೋಟೊ ತೆಗೆದಿಟ್ಟುಕೊಳ್ಳಿ.